ಹೃದಯದ ಎರಡು ಹೊಸ್ತಿಲುಗಳು

ಕಳೆದ ವರ್ಷ ಶ್ರಾವಣಮಾಸದಲ್ಲಿ ನನ್ನ ತಂಗಿಯ ಮೊಮ್ಮಗ ನಾಲ್ಕು ದಿನ ಇದ್ದು ಹೋಗಲೆಂದು ನಮ್ಮ ಮನೆಗೆ ಬಂದಿದ್ದನು. ವಯಸ್ಸು ಇಪ್ಪತ್ತೆರಡು. ಪದವಿ ಮುಗಿಸಿ ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆಂದು ಸಿದ್ಧತೆ ನಡೆಸಿದ್ದ ಹುಡುಗ. ಚಿಕ್ಕಂದಿನಲ್ಲಿ ನಾಲ್ಕು ರೊಟ್ಟಿ ಸಾಲದೆಂದು ಐದನೆಯದಕ್ಕೆ ಕೈ ನೀಡುತ್ತಿದ್ದವನು, ಅಂದು ರಾತ್ರಿ ಅರ್ಧ ರೊಟ್ಟಿ ಮುರಿದು ಎದ್ದನು. ಮಲಗಿದ ಮೇಲೂ ನಿದ್ರೆ ಹತ್ತದೆ ಹೊರಳಾಡುತ್ತಿದ್ದುದು ನನ್ನ ಕೋಣೆಗೆ ಕೇಳಿಸುತ್ತಿತ್ತು. ಬೆಳಿಗ್ಗೆ ಅವನು ಹಾಸಿಗೆಯಿಂದ ಏಳುವ ಮುನ್ನವೇ ಪಕ್ಕದಲ್ಲಿ ಕುಳಿತು ಕೈ ಹಿಡಿದು ನಾಡಿ ಎಣಿಸಿದೆ. ನಿಮಿಷಕ್ಕೆ 84. ದಿನವೂ ಓಡುವ ತರುಣನ ನಾಡಿ ಮಲಗಿರುವಾಗ ಅಷ್ಟು ಇರಬಾರದು.

“ಏನಪ್ಪಾ ಇದು?” ಎಂದು ಕೇಳಿದೆ.

“ದಿನಾ 1600 ಮೀಟರ್ ಜೀವ ಹೋಗೂಹಂಗ ಓಡ್ರಿ ಅಂತಾರ ಅಜ್ಜಾ. ಮೊದಲನೇ ತಿಂಗಳ ಟೈಮ್ ಕಡಿಮಿ ಆತು. ಈಗ ಎಷ್ಟ್ ಓಡಿದ್ರೂ ಹೆಚ್ಚಾಗಾಕತ್ತೈತಿ” ಎಂದನು. ಅವನ ಕಣ್ಣಲ್ಲಿ ನೀರಿತ್ತು.

ಮೊದಲು ವೈದ್ಯರಲ್ಲಿಗೆ ಕರೆದೊಯ್ದೆವು. ಇ.ಸಿ.ಜಿ.ಯಲ್ಲಾಗಲಿ ರಕ್ತಪರೀಕ್ಷೆಯಲ್ಲಾಗಲಿ ದೋಷ ಕಾಣಲಿಲ್ಲ. ಅನಂತರ ನನ್ನ ಹಳೆಯ ಗೆಳೆಯರಾದ ನಿವೃತ್ತ ದೈಹಿಕ ಶಿಕ್ಷಕರೊಬ್ಬರ ಬಳಿ ಅವನನ್ನು ಕಳುಹಿಸಿದೆ. ಅವರು ಹುಡುಗನ ಎದೆಗೆ ಒಂದು ಪಟ್ಟಿಯನ್ನು ಕಟ್ಟಿ, ಮೈದಾನದಲ್ಲಿ ಓಡಿಸಿ, ಮೊಬೈಲಿನ ಪರದೆಯ ಮೇಲೆ ಮೂಡಿದ ಗೆರೆಗಳನ್ನು ನನಗೂ ತೋರಿಸಿದರು. ಆ ಗೆರೆಗಳ ಅರ್ಥವೇನೆಂದು ತಿಳಿಯುವ ಹಂಬಲ ನನ್ನಲ್ಲಿ ಹುಟ್ಟಿತು. ಕೆಲವು ತಿಂಗಳು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಓಡುವ, ಈಜುವ, ಸೈಕಲ್ ತುಳಿಯುವ ಮಕ್ಕಳು ಇಂದು ಎಲ್ಲರ ಮನೆಗಳಲ್ಲಿಯೂ ಇದ್ದಾರೆ. ಅವರ ಹಿರಿಯರಿಗೆ ಈ ವಿಷಯ ಉಪಯುಕ್ತವಾದೀತೆಂಬ ನಂಬಿಕೆ ನನ್ನದು.

ಸಮವಲ್ಲದ ತಾಳ

ಆರೋಗ್ಯವಂತನ ಹೃದಯವು ಗಡಿಯಾರದಂತೆ ತಪ್ಪದೆ ಮಿಡಿಯುತ್ತದೆ ಎಂಬುದು ಲೋಕರೂಢಿಯ ಮಾತು. ಸತ್ಯ ಅದಕ್ಕೆ ವಿರುದ್ಧವಾಗಿದೆ. ನಿಮಿಷಕ್ಕೆ 60 ಬಡಿತವಿರುವ ಹೃದಯವನ್ನು ತೆಗೆದುಕೊಳ್ಳಿ. ಲೆಕ್ಕದ ಪ್ರಕಾರ ಎರಡು ಬಡಿತಗಳ ನಡುವೆ ಸರಿಯಾಗಿ 1000 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡು ಇರಬೇಕು. ಆದರೆ ಸೂಕ್ಷ್ಮವಾಗಿ ಅಳೆದರೆ ಒಮ್ಮೆ 960, ಇನ್ನೊಮ್ಮೆ 1030, ಮತ್ತೊಮ್ಮೆ 990 ಹೀಗೆ ಅಂತರವು ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಉಸಿರನ್ನು ಒಳಗೆಳೆದುಕೊಂಡಾಗ ಬಡಿತ ತುಸು ಚುರುಕಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಶಾಂತವಾಗಿ ಕುಳಿತು ಮಣಿಕಟ್ಟಿನ ಮೇಲೆ ಬೆರಳಿಟ್ಟು ದೀರ್ಘವಾಗಿ ಉಸಿರಾಡಿದರೆ ಇದನ್ನು ಯಾರು ಬೇಕಾದರೂ ಅನುಭವಿಸಬಹುದು. ಈ ಏರಿಳಿತವನ್ನೇ ವಿಜ್ಞಾನಿಗಳು ಹಾರ್ಟ್ ರೇಟ್ ವೇರಿಯಬಿಲಿಟಿ ಎಂದು ಕರೆದಿದ್ದಾರೆ. ಸಂಕ್ಷೇಪವಾಗಿ ಎಚ್.ಆರ್.ವಿ. ನಾವು ಇದನ್ನು ಬಡಿತದ ಅಂತರಭೇದ ಎನ್ನೋಣ.

ನಾಡಿಯ ನಡೆಯನ್ನು ಗಮನಿಸುವುದು ನಮ್ಮವರಿಗೆ ಹೊಸದಲ್ಲ. ಶಾರ್ಙ್ಗಧರಸಂಹಿತೆಯು ನಾಡಿಯ ಗತಿಯನ್ನು ಹಾವು, ಕಪ್ಪೆ, ಹಂಸ ಮೊದಲಾದವುಗಳ ನಡಿಗೆಗೆ ಹೋಲಿಸುತ್ತದೆ. ಎಣಿಕೆಯೊಂದೇ ಅಲ್ಲ, ನಡೆಯ ಬಗೆಯೂ ಮುಖ್ಯವೆಂಬ ಅರಿವು ಅಲ್ಲಿದೆ. ಆದರೆ ಮಿಲಿಸೆಕೆಂಡಿನ ಅಂತರವನ್ನು ಬೆರಳು ಹಿಡಿಯಲಾರದು, ಅದಕ್ಕೆ ಯಂತ್ರವೇ ಬೇಕಾಯಿತು. 1733ರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಗಾಜಿನ ನಳಿಕೆಯನ್ನು ಜೋಡಿಸಿ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಉಸಿರಿನೊಡನೆ ರಕ್ತದೊತ್ತಡವೂ ನಾಡಿಯೂ ಮಾರ್ಪಡುವುದನ್ನು ಅವರು ಗುರುತಿಸಿದ್ದರು. 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ತಿರುಗುವ ಉರುಳೆಯ ಮೇಲೆ ಗೆರೆ ಎಳೆಯುವ ಉಪಕರಣವನ್ನು ಬಳಸಿ ಉಸಿರಿಗೂ ಬಡಿತಕ್ಕೂ ಇರುವ ಈ ನಂಟನ್ನು ದಾಖಲಿಸಿದರು.

ಈ ಏರಿಳಿತ ಏಕೆ? ಹೃದಯದ ಬಲಮೇಲ್ಭಾಗದಲ್ಲಿ ಬಡಿತವನ್ನು ಹುಟ್ಟಿಸುವ ಒಂದು ಪುಟ್ಟ ಗಂಟು ಇದೆ. ನರಗಳ ಹಂಗಿಲ್ಲದೆ ಬಿಟ್ಟರೆ ಅದು ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ. ಅದನ್ನು ನಡೆಸುವವರು ಇಬ್ಬರು. ಎತ್ತಿನ ಗಾಡಿಯನ್ನು ನೆನೆದುಕೊಳ್ಳಿ: ಒಂದು ಕೈಯಲ್ಲಿ ಬಾರುಕೋಲು, ಇನ್ನೊಂದು ಕೈಯಲ್ಲಿ ಮೂಗುದಾರದ ಹಗ್ಗ. ಸಿಂಪಥೆಟಿಕ್ ನರಗಳು ಬಾರುಕೋಲು, ಅವು ಬಡಿತವನ್ನು ಏರಿಸುತ್ತವೆ. ಮಿದುಳಿನ ಬುಡದಿಂದ ಹೊರಟು ಎದೆ, ಹೊಟ್ಟೆಗಳವರೆಗೆ ಸಂಚರಿಸುವ ವೇಗಸ್ ನರವು ಹಗ್ಗ, ಅದು ಬಡಿತವನ್ನು ಇಳಿಸುತ್ತದೆ. ವೇಗಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸಂಚಾರಿ ಎಂದರ್ಥ. ನಮ್ಮ ಕಿವಿಗೆ ವೇಗವೆಂದು ಕೇಳಿಸುವ ಹೆಸರಿನ ನರವೇ ವೇಗವನ್ನು ತಗ್ಗಿಸುವುದು ಒಂದು ಸ್ವಾರಸ್ಯ! 1921ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಆಟೋ ಲೂವಿ ಎಂಬ ವಿಜ್ಞಾನಿ ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿ ಬಡಿತವನ್ನು ನಿಧಾನಗೊಳಿಸಿದರು. ಆ ಹೃದಯದ ಸುತ್ತಲಿನ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ನರವು ರಾಸಾಯನಿಕದ ಮೂಲಕ ಹೃದಯಕ್ಕೆ ಸಂದೇಶ ಕಳುಹಿಸುತ್ತದೆಂಬುದು ಹೀಗೆ ಸಿದ್ಧವಾಯಿತು. ಈ ಕಾರ್ಯಕ್ಕಾಗಿ ಅವರಿಗೆ 1936ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ವೇಗಸ್ ನರದ ಸಂದೇಶ ಬಲು ಚುರುಕು. ಒಂದೆರಡು ಬಡಿತಗಳೊಳಗೇ ಅದರ ಪರಿಣಾಮ ಕಾಣುತ್ತದೆ. ಸಿಂಪಥೆಟಿಕ್ ನರಗಳ ಪರಿಣಾಮ ಕಾಣಿಸಿಕೊಳ್ಳಲು ಹಲವು ಸೆಕೆಂಡುಗಳು ಬೇಕು. ಆದ್ದರಿಂದ ಬಡಿತದಿಂದ ಬಡಿತಕ್ಕೆ ಕಾಣುವ ಸೂಕ್ಷ್ಮ ವ್ಯತ್ಯಾಸವು ಬಹುಪಾಲು ವೇಗಸ್ ನರದ ಕೈವಾಡ. ವಿಶ್ರಾಂತಿಯಲ್ಲಿ ಅಂತರಭೇದವಿದೆಯೆಂದರೆ ಹಗ್ಗ ಹಿಡಿದ ಕೈ ಎಚ್ಚರವಾಗಿದೆಯೆಂದು ಅರ್ಥ. 1987ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಕ್ಲೈಗರ್ ಮತ್ತು ಸಂಗಡಿಗರು, ಹೃದಯಾಘಾತದಿಂದ ಉಳಿದವರಲ್ಲಿ ಅಂತರಭೇದವು ತೀರ ಕಡಿಮೆಯಿದ್ದವರಿಗೆ ಮರಣದ ಅಪಾಯ ಹೆಚ್ಚೆಂದು ತೋರಿಸಿದರು. ಅಂದಿನಿಂದ ಈ ವಿಷಯಕ್ಕೆ ವೈದ್ಯಲೋಕದಲ್ಲಿ ದೊಡ್ಡ ಮನ್ನಣೆ ದೊರೆಯಿತು. 1996ರಲ್ಲಿ ಯೂರೋಪು ಮತ್ತು ಉತ್ತರ ಅಮೆರಿಕದ ಹೃದ್ರೋಗತಜ್ಞರ ಜಂಟಿ ಮಂಡಳಿಯು ಇದನ್ನು ಅಳೆಯುವ ನಿಯಮಗಳನ್ನು ರೂಪಿಸಿತು.

ಶ್ರಮಕ್ಕೆ ಎರಡು ಹೊಸ್ತಿಲು

ಇನ್ನು ವ್ಯಾಯಾಮದ ಕಡೆಗೆ ಬರೋಣ. ನಿಧಾನ ನಡಿಗೆಯಿಂದ ಆರಂಭಿಸಿ ಕ್ರಮವಾಗಿ ವೇಗವನ್ನು ಹೆಚ್ಚಿಸುತ್ತ ಹೋದರೆ ದೇಹವು ಒಂದೇ ಸಮನಾಗಿ ದಣಿಯುತ್ತ ಹೋಗುವುದಿಲ್ಲ. ಮನೆಯ ಪಡಸಾಲೆಯಿಂದ ಒಳಮನೆಗೆ ಹೋಗುವಾಗ ಹೊಸ್ತಿಲು ದಾಟುವಂತೆ, ಶ್ರಮದ ಹಾದಿಯಲ್ಲಿಯೂ ಎರಡು ಹೊಸ್ತಿಲುಗಳಿವೆ.

ಮೊದಲ ಹೊಸ್ತಿಲಿನ ಈಚೆಗೆ ಸ್ನಾಯುಗಳು ಪ್ರಾಣವಾಯುವಿನ ನೆರವಿನಿಂದ ಕೊಬ್ಬನ್ನೂ ಸಕ್ಕರೆಯನ್ನೂ ನಿರಾತಂಕವಾಗಿ ಉರಿಸುತ್ತವೆ. ಈ ಹಂತದಲ್ಲಿ ಗಂಟೆಗಟ್ಟಲೆ ಸಾಗಬಹುದು, ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಬಹುದು. ಹೊಸ್ತಿಲು ದಾಟಿದೊಡನೆ ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ಪದಾರ್ಥವು ವಿಶ್ರಾಂತಿಯ ಮಟ್ಟಕ್ಕಿಂತ ಏರತೊಡಗುತ್ತದೆ, ಉಸಿರು ಬಿರುಸಾಗುತ್ತದೆ. ಆದರೂ ಉತ್ಪತ್ತಿಯಾದ ಲ್ಯಾಕ್ಟೇಟನ್ನು ಬಳಸಿ ಮುಗಿಸುವ ಶಕ್ತಿ ದೇಹಕ್ಕೆ ಇನ್ನೂ ಇರುತ್ತದೆ. ಎರಡನೆಯ ಹೊಸ್ತಿಲನ್ನು ದಾಟಿದರೆ ಬರುವುದು ಹೆಚ್ಚು, ಸಲ್ಲುವುದು ಕಡಿಮೆ. ಲ್ಯಾಕ್ಟೇಟ್ ರಾಶಿಯಾಗುತ್ತದೆ, ಒಂದೆರಡು ಪದಕ್ಕಿಂತ ಹೆಚ್ಚು ಆಡಲಾಗುವುದಿಲ್ಲ, ಕೆಲವೇ ನಿಮಿಷಗಳಲ್ಲಿ ವೇಗ ಕುಸಿಯುತ್ತದೆ.

ಇಲ್ಲಿ ಒಂದು ತಪ್ಪುಕಲ್ಪನೆಯನ್ನು ನಿವಾರಿಸಬೇಕು. ಲ್ಯಾಕ್ಟೇಟ್ ಎಂಬುದು ಸ್ನಾಯುಗಳಲ್ಲಿ ನಿಲ್ಲುವ ವಿಷವೆಂದು ನಮ್ಮ ಶಾಲಾಪುಸ್ತಕಗಳಲ್ಲಿ ಓದಿದ್ದೆವು. ಅದು ವಿಷವಲ್ಲ. ಅದು ಉರುವಲು. ಒಂದು ಸ್ನಾಯು ಹೊರಹಾಕಿದ ಲ್ಯಾಕ್ಟೇಟನ್ನು ಇನ್ನೊಂದು ಸ್ನಾಯುವೂ, ಸ್ವತಃ ಹೃದಯವೂ ಆಹಾರವಾಗಿ ಬಳಸಿಕೊಳ್ಳುತ್ತವೆಂದು ಕ್ಯಾಲಿಫೋರ್ನಿಯಾದ ಜಾರ್ಜ್ ಬ್ರೂಕ್ಸ್ 1980ರ ದಶಕದಿಂದ ಪ್ರತಿಪಾದಿಸುತ್ತ ಬಂದರು. ಇಂದು ಆ ಮಾತು ಮಾನ್ಯವಾಗಿದೆ. ರಕ್ತದಲ್ಲಿ ಅದರ ಏರಿಕೆಯು ಶ್ರಮವು ಎಷ್ಟನ್ನು ಮುಟ್ಟಿದೆಯೆಂಬುದಕ್ಕೆ ಗುರುತು, ಅಷ್ಟೆ.

ಈ ಹೊಸ್ತಿಲಿನ ಶೋಧ ಮೊದಲು ನಡೆದದ್ದು ಕ್ರೀಡಾಪಟುಗಳಿಗಾಗಿ ಅಲ್ಲ ಎಂಬುದು ಗಮನಾರ್ಹ. 1964ರಲ್ಲಿ ಕಾರ್ಲ್‌ಮನ್ ವಾಸರ್‌ಮನ್ ಮತ್ತು ಮಾಲ್ಕಮ್ ಮೆಕಿಲ್‌ರಾಯ್ ಎಂಬ ವೈದ್ಯರು ಹೃದ್ರೋಗಿಗಳು ಎಷ್ಟು ಶ್ರಮವನ್ನು ತಾಳಬಲ್ಲರೆಂದು ತಿಳಿಯಲು ಉಸಿರಿನ ಅನಿಲಗಳನ್ನು ಅಳೆದು ಇದನ್ನು ಗುರುತಿಸಿದರು. ಅನಂತರ ಕ್ರೀಡಾಲೋಕವು ಇದನ್ನು ತನ್ನದಾಗಿಸಿಕೊಂಡಿತು. 1976ರಲ್ಲಿ ಜರ್ಮನಿಯ ಅಲೋಯಿಸ್ ಮಾಡರ್ ಮತ್ತು ಸಂಗಡಿಗರು ಒಂದು ಲೀಟರ್ ರಕ್ತಕ್ಕೆ 4 ಮಿಲಿಮೋಲ್ ಲ್ಯಾಕ್ಟೇಟ್ ಎಂಬ ಗೆರೆಯನ್ನು ಎಳೆದರು. ಮೊದಲ ಹೊಸ್ತಿಲಿಗೆ ಸುಮಾರು 2, ಎರಡನೆಯದಕ್ಕೆ ಸುಮಾರು 4 ಎಂಬ ಲೆಕ್ಕ ಬಹುಕಾಲ ಚಾಲ್ತಿಯಲ್ಲಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಇದು ಬದಲಾಗುತ್ತದೆಂದು ಇಂದು ಎಲ್ಲರೂ ಒಪ್ಪುತ್ತಾರೆ.

ಹೊಸ್ತಿಲು ತಿಳಿಯದಿದ್ದರೆ ಏನು ಕೆಟ್ಟೀತು ಎಂದು ನೀವು ಕೇಳಬಹುದು. ನಾರ್ವೆಯಲ್ಲಿ ನೆಲೆಸಿರುವ ಸ್ಟೀಫನ್ ಸೈಲರ್ ಎಂಬ ವಿದ್ವಾಂಸರು ಹಿಮದ ಮೇಲೆ ಜಾರುವವರು, ದೋಣಿ ಹುಟ್ಟು ಹಾಕುವವರು, ಓಟಗಾರರು ಮುಂತಾದ ಉನ್ನತ ಪಟುಗಳ ಅಭ್ಯಾಸವನ್ನು ಪರಿಶೀಲಿಸಿದರು. ಅವರ ಅಭ್ಯಾಸದ ಹತ್ತು ಪಾಲಿನಲ್ಲಿ ಸುಮಾರು ಎಂಟು ಪಾಲು ಮೊದಲ ಹೊಸ್ತಿಲಿನ ಈಚೆಗೇ ನಡೆಯುತ್ತದೆಂದು ಕಂಡುಬಂದಿತು! ಕಠಿಣ ಅಭ್ಯಾಸ ಉಳಿದ ಎರಡು ಪಾಲು ಮಾತ್ರ. ಲೋಕದ ಅತ್ಯುತ್ತಮರು ಬಹುಕಾಲ ಸುಲಭವಾಗಿ ಓಡುತ್ತಾರೆ. ನಮ್ಮ ಹಳ್ಳಿಯ ಹುಡುಗರಿಗೆ ಮಾತ್ರ ದಿನವೂ ಎರಡನೆಯ ಹೊಸ್ತಿಲಿನ ಆಚೆಗೆ ಓಡಿರೆಂಬ ಆಜ್ಞೆ. ಹೊಲಕ್ಕೆ ದಿನವೂ ನೀರು ನಿಲ್ಲಿಸಿದರೆ ಬೆಳೆ ಕೊಳೆಯುವುದೇ ಹೊರತು ಬೆಳೆಯುವುದಿಲ್ಲ ಎಂಬುದು ರೈತನಿಗೆ ಗೊತ್ತು. ದೇಹದ ವಿಷಯದಲ್ಲಿ ಮಾತ್ರ ನಾವು ಅದನ್ನು ಮರೆಯುತ್ತೇವೆ.

ಸೂತ್ರವೊಂದು, ದೇಹಗಳು ಹಲವು

ಹೊಸ್ತಿಲನ್ನು ತಿಳಿಯುವ ಪ್ರಮಾಣಬದ್ಧ ದಾರಿಗಳು ಎರಡು. ಮುಖಕ್ಕೆ ಮುಸುಕು ಕಟ್ಟಿ ಉಸಿರಿನ ಪ್ರಾಣವಾಯು, ಇಂಗಾಲದ ಡೈಆಕ್ಸೈಡುಗಳನ್ನು ಅಳೆಯುವುದು ಒಂದು. ಪ್ರತಿ ಹಂತದಲ್ಲಿಯೂ ಬೆರಳ ತುದಿಯಿಂದಲೋ ಕಿವಿಯ ಹಾಲೆಯಿಂದಲೋ ಹನಿ ರಕ್ತ ತೆಗೆದು ಲ್ಯಾಕ್ಟೇಟ್ ಅಳೆಯುವುದು ಇನ್ನೊಂದು. ಎರಡಕ್ಕೂ ಉಪಕರಣ ಬೇಕು, ತಜ್ಞರು ಬೇಕು, ಹಣ ಬೇಕು. ತಾಲ್ಲೂಕು ಮೈದಾನದಲ್ಲಿ ಓಡುವವರ ಕೈಗೆ ಇವು ಎಟುಕುವುದಿಲ್ಲ.

ಆದ್ದರಿಂದ ಜನರು ಸೂತ್ರಕ್ಕೆ ಮೊರೆಹೋದರು. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತ, ಅದರ ಇಂತಿಷ್ಟು ಶೇಕಡ ಸುಲಭ, ಇಂತಿಷ್ಟು ಕಠಿಣ ಎಂಬ ಲೆಕ್ಕ 1970ರ ದಶಕದಿಂದ ವ್ಯಾಯಾಮಶಾಲೆಗಳ ಗೋಡೆಗಳ ಮೇಲೆ ತೂಗಾಡುತ್ತಿದೆ. ಇದು ಸರಾಸರಿಯ ಲೆಕ್ಕ. ಒಬ್ಬೊಬ್ಬರಲ್ಲಿ ಹತ್ತು-ಹನ್ನೆರಡು ಬಡಿತ ಆಚೀಚೆಯಾಗುವುದು ತೀರ ಸಾಮಾನ್ಯ. ಮೇಲಾಗಿ, ಒಂದೇ ಗರಿಷ್ಠ ಬಡಿತವಿರುವ ಇಬ್ಬರಲ್ಲಿ ಹೊಸ್ತಿಲುಗಳು ಬೇರೆ ಬೇರೆ ಎತ್ತರದಲ್ಲಿರುತ್ತವೆ. ಒಂದೇ ಅಳತೆಯ ಅಂಗಿಯನ್ನು ಊರಿಗೆಲ್ಲ ಹೊಲಿಸಿದಂತೆ ಈ ಸೂತ್ರ. ಆ ಅಂಗಿ ಕೆಲವರಿಗೆ ಒಪ್ಪುತ್ತದೆ, ಹಲವರಿಗೆ ಬಿಗಿಯುತ್ತದೆ.

ಅಂತರಗಳಲ್ಲಿ ಅಡಗಿದ ಗುರುತು

ಹೃದಯಬಡಿತವನ್ನು ಮೈದಾನಕ್ಕೆ ತಂದವರು ಫಿನ್‌ಲೆಂಡಿನವರು. ಊಲು ನಗರದ ಬಳಿ 1977ರಲ್ಲಿ ಸೆಪ್ಪೊ ಸೈನಯಾಕಂಗಾಸ್ ಎಂಬ ಎಲೆಕ್ಟ್ರಾನಿಕ್ಸ್ ಪ್ರಾಧ್ಯಾಪಕರು ಪೋಲಾರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1980ರ ದಶಕದ ಆರಂಭದಲ್ಲಿ ಎದೆಪಟ್ಟಿಯಿಂದ ಕೈಗಡಿಯಾರಕ್ಕೆ ತಂತಿಯಿಲ್ಲದೆ ಬಡಿತವನ್ನು ಕಳುಹಿಸುವ ಉಪಕರಣ ಅಲ್ಲಿಂದ ಹೊರಬಂದಿತು. ಅದೇ ಊಲು ನಗರದಲ್ಲಿ ಮಿಕ್ಕೊ ತುಲ್ಪೊ ಮತ್ತು ಸಂಗಡಿಗರು 1996ರಲ್ಲಿ, ವ್ಯಾಯಾಮ ಹೆಚ್ಚುತ್ತ ಹೋದಂತೆ ಬಡಿತದಿಂದ ಬಡಿತಕ್ಕೆ ಕಾಣುವ ಅಂತರಭೇದವು ಹೇಗೆ ಕರಗುತ್ತದೆಂದು ತೋರಿಸಿದರು. ಶ್ರಮ ಹೆಚ್ಚಿದಂತೆ ವೇಗಸ್ ನರವು ಹಗ್ಗವನ್ನು ಸಡಿಲಿಸುತ್ತದೆ. ಮಧ್ಯಮ ಶ್ರಮದ ಹೊತ್ತಿಗೆ ಅಂತರಭೇದವು ಕೆಲವೇ ಮಿಲಿಸೆಕೆಂಡಿಗೆ ಇಳಿಯುತ್ತದೆ.

ಇಲ್ಲಿಯೇ ತೊಡಕು. ಅಂತರಭೇದದ ಪ್ರಮಾಣ ಮೊದಲ ಹೊಸ್ತಿಲಿನ ಸುಮಾರಿಗೆ ನೆಲಕಚ್ಚಿದರೆ, ಅನಂತರದ ದಾರಿಯನ್ನು ಅದು ತೋರಿಸಲಾರದು. ಬತ್ತಿದ ಕೆರೆಯಲ್ಲಿ ಅಳತೆಗೋಲು ನಿಲ್ಲಿಸಿದಂತೆ ಆಗುತ್ತದೆ. ಆಗ ಕೆಲವರು ಬೇರೆ ಪ್ರಶ್ನೆಯನ್ನು ಕೇಳಿದರು: ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಬಿಟ್ಟು, ಆ ವ್ಯತ್ಯಾಸ ಯಾವ ವಿನ್ಯಾಸದಲ್ಲಿದೆ ಎಂದು ನೋಡಿದರೆ ಹೇಗೆ?

ಅದಕ್ಕೆ ಗಣಿತ ಸಿದ್ಧವಾಗಿತ್ತು. 1994ರಲ್ಲಿ ಚುಂಗ್-ಕಾಂಗ್ ಪೆಂಗ್ ಮತ್ತು ಸಂಗಡಿಗರು ಡಿ.ಎನ್.ಎ. ಅಕ್ಷರಮಾಲೆಯಲ್ಲಿ ದೂರದ ಅಕ್ಷರಗಳಿಗೂ ನಂಟಿದೆಯೇ ಎಂದು ತಿಳಿಯಲು ಒಂದು ವಿಧಾನವನ್ನು ರೂಪಿಸಿದ್ದರು. ಮರುವರ್ಷ ಅದನ್ನೇ ಹೃದಯಬಡಿತಗಳಿಗೂ ಅನ್ವಯಿಸಿದರು. ನಾಲ್ಕರಿಂದ ಹದಿನಾರು ಬಡಿತಗಳ ಸಣ್ಣ ಗುಂಪುಗಳಲ್ಲಿ ಈ ನಂಟನ್ನು ಅಳೆದಾಗ ಸಿಗುವ ಸಂಖ್ಯೆಗೆ ಆಲ್ಫಾ-1 ಎಂದು ಹೆಸರು.

ಸಂಖ್ಯೆಯ ಅರ್ಥವನ್ನು ಸಂಗೀತದ ಮೂಲಕ ತಿಳಿಯಬಹುದು. ನೆಮ್ಮದಿಯಿಂದ ಆಲಾಪನೆ ಮಾಡುವ ಗಾಯಕನ ಒಂದು ಸ್ವರ ಹಿಂದಿನ ಹಲವು ಸ್ವರಗಳ ನೆನಪನ್ನು ಹೊತ್ತು ಬರುತ್ತದೆ. ಆತ ನಿಧಾನವಾಗುವಾಗಲೂ ಚುರುಕಾಗುವಾಗಲೂ ಅದಕ್ಕೊಂದು ಓಘವಿದೆ. ವಿಶ್ರಾಂತಿಯಲ್ಲಿ, ಹಗುರ ವ್ಯಾಯಾಮದಲ್ಲಿ ಹೃದಯದ ನಡೆ ಹೀಗಿರುತ್ತದೆ. ಆಗ ಆಲ್ಫಾ-1 ಸುಮಾರು 1, ಕೆಲವೊಮ್ಮೆ ಅದಕ್ಕೂ ಹೆಚ್ಚು. ನಾಣ್ಯ ಚಿಮ್ಮಿದಂತೆ ಒಂದು ಅಂತರಕ್ಕೂ ಮುಂದಿನದಕ್ಕೂ ಯಾವ ನಂಟೂ ಇಲ್ಲವೆಂದರೆ ಸಂಖ್ಯೆ 0.5. ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತವರು ತುಸು ಎಡಕ್ಕೆ ವಾಲಿದೊಡನೆ ಬಲಕ್ಕೆ ಸರಿಪಡಿಸಿಕೊಳ್ಳುವಂತೆ, ಒಂದು ಅಂತರ ಹಿಗ್ಗಿದ ಕೂಡಲೆ ಮುಂದಿನದು ಕುಗ್ಗತೊಡಗಿದರೆ 0.5ಕ್ಕಿಂತ ಕಡಿಮೆ.

ಜರ್ಮನಿಯ ಥಾಮಸ್ ಗ್ರೋನ್‌ವಾಲ್ಡ್ ಮತ್ತು ಓಲಾಫ್ ಹೂಸ್, ಅಮೆರಿಕದ ಫ್ಲಾರಿಡಾದ ಬ್ರೂಸ್ ರಾಜರ್ಸ್ ಮೊದಲಾದವರು ವ್ಯಾಯಾಮದಲ್ಲಿ ಈ ಸಂಖ್ಯೆಯನ್ನು ಹಿಂಬಾಲಿಸಿದರು. ಶ್ರಮ ಏರಿದಂತೆ ಅದು ಕ್ರಮವಾಗಿ ಇಳಿಯುತ್ತ, ಬಡಿತದ ಅಂತರಭೇದವು ಬಹುತೇಕ ಬತ್ತಿದ ಮೇಲೂ ಇಳಿಯುತ್ತಲೇ ಇತ್ತು. 1 ಮತ್ತು 0.5ರ ನಟ್ಟನಡುವಿನ 0.75ಕ್ಕೆ ಬಂದಾಗಿನ ಬಡಿತವು ಮೊದಲ ಹೊಸ್ತಿಲಿಗೂ, 0.5ಕ್ಕೆ ಬಂದಾಗಿನ ಬಡಿತವು ಎರಡನೆಯ ಹೊಸ್ತಿಲಿಗೂ ಸರಾಸರಿಯಲ್ಲಿ ಹತ್ತಿರ ಹೊಂದುತ್ತವೆಂದು ಅವರು 2021ರಲ್ಲಿ ಪ್ರಕಟಿಸಿದರು. ಉಸಿರಿನ ಅನಿಲಗಳನ್ನು ಅಳೆದು ಪಡೆದ ಹೊಸ್ತಿಲುಗಳೊಡನೆ ಹೋಲಿಸಿಯೇ ಅವರು ಈ ತೀರ್ಮಾನಕ್ಕೆ ಬಂದುದು. ಅಂದರೆ ರಕ್ತದ ಹನಿಯಿಲ್ಲದೆ, ಮುಖದ ಮುಸುಕಿಲ್ಲದೆ, ಹೃದಯದ ನಡೆಯೊಂದರಿಂದಲೇ ಹೊಸ್ತಿಲನ್ನು ಅಂದಾಜು ಮಾಡುವ ದಾರಿ ತೆರೆಯಿತು.

ಅಳೆಯುವ ಬಗೆ

ನನ್ನ ಗೆಳೆಯರು ಅನುಸರಿಸಿದ ಕ್ರಮ ಇದು. ಎದೆಪಟ್ಟಿಯ ಒಳಭಾಗವನ್ನು ನೀರಿನಿಂದ ಒದ್ದೆಮಾಡಿ ಬಿಗಿಯಾಗಿ ಕಟ್ಟಬೇಕು. ಹತ್ತು ನಿಮಿಷ ಮೈ ಬೆಚ್ಚಗಾಗುವಂತೆ ನಡೆದು, ಅನಂತರ ಪ್ರತಿ ಹಂತದಲ್ಲಿಯೂ ಕೆಲವು ನಿಮಿಷ ಓಡುತ್ತ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ತಂತ್ರಾಂಶವು ಎರಡೆರಡು ನಿಮಿಷಗಳ ಬಡಿತಗಳನ್ನು ಒಟ್ಟುಮಾಡಿ ಆಲ್ಫಾ-1ನ್ನು ಲೆಕ್ಕಹಾಕುತ್ತದೆ. ಅದನ್ನು ಬಡಿತದ ಎದುರಿಗೆ ಗುರುತು ಹಾಕಿದರೆ ಇಳಿಜಾರಿನ ಗೆರೆಯೊಂದು ಮೂಡುತ್ತದೆ. ಅದು 0.75ನ್ನು ಯಾವ ಬಡಿತದಲ್ಲಿ ಹಾಯುತ್ತದೆ ಎಂಬುದೇ ಮೊದಲ ಹೊಸ್ತಿಲಿನ ಅಂದಾಜು.

ಮಣಿಕಟ್ಟಿನ ಗಡಿಯಾರ ಇದಕ್ಕೆ ಸಾಲದು. ಅದು ಚರ್ಮದ ಮೇಲೆ ಬೆಳಕು ಬೀರಿ ರಕ್ತದ ಹರಿವನ್ನು ನೋಡುತ್ತದೆ. ಓಡುವಾಗ ಕೈ ಅಲುಗುವುದರಿಂದ ಮಿಲಿಸೆಕೆಂಡಿನ ನಿಖರತೆ ಅದಕ್ಕೆ ದಕ್ಕುವುದಿಲ್ಲ. ಎದೆಪಟ್ಟಿಯಾದರೂ ಹೃದಯದ ವಿದ್ಯುತ್ತನ್ನು ನೇರವಾಗಿ ಹಿಡಿಯುತ್ತದೆ. ಅಲ್ಲಿಯೂ ಪಟ್ಟಿ ಸಡಿಲವಾಗಿ ನೂರರಲ್ಲಿ ಐದಕ್ಕಿಂತ ಹೆಚ್ಚು ಬಡಿತಗಳು ತಪ್ಪಿದರೆ ಆ ಲೆಕ್ಕವನ್ನು ನಂಬಬಾರದು.

ನಮ್ಮ ಹುಡುಗನ ಗೆರೆ 0.75ನ್ನು ಹಾದದ್ದು 148 ಬಡಿತದಲ್ಲಿ. 0.5ನ್ನು ಮುಟ್ಟಿದ್ದು 174ರ ಸುಮಾರಿಗೆ. ತಿಂಗಳುಗಟ್ಟಲೆ ಅವನು ದಿನವೂ ಓಡಿದ್ದು 185ರ ಆಚೆಗೆ. ಸುಲಭವೆಂದು ತಿಳಿದು ಸಂಜೆ ಓಡುತ್ತಿದ್ದ ಓಟವೂ 165ಕ್ಕೆ ಕಡಿಮೆಯಿರಲಿಲ್ಲ. ಒಳಮನೆಯಿಂದ ಪಡಸಾಲೆಗೆ ಅವನು ಒಂದು ದಿನವೂ ಮರಳಿರಲೇ ಇಲ್ಲ!

ಎಚ್ಚರದ ಮಾತು

ಹೊಸದನ್ನು ಕಂಡೊಡನೆ ತಲೆಯ ಮೇಲೆ ಹೊತ್ತು ಕುಣಿಯುವುದು ವಿವೇಕವಲ್ಲ. ಆದ್ದರಿಂದ ಈ ವಿಧಾನದ ಮಿತಿಗಳನ್ನೂ ಹೇಳುವುದು ನನ್ನ ಕರ್ತವ್ಯ. ಮೊದಲ ಅಧ್ಯಯನಗಳು ಸಣ್ಣ ಗುಂಪುಗಳ ಮೇಲೆ ನಡೆದವು. ಅನಂತರ ಬೇರೆಯವರು ಪರೀಕ್ಷಿಸಿದಾಗ ಗುಂಪಿನ ಸರಾಸರಿ ಹೊಂದಿದರೂ ಕೆಲವು ವ್ಯಕ್ತಿಗಳಲ್ಲಿ ಅಂದಾಜಿಗೂ ನಿಜವಾದ ಹೊಸ್ತಿಲಿಗೂ ಹಲವು ಬಡಿತಗಳ ವ್ಯತ್ಯಾಸ ಕಂಡಿದೆ. ಹಾಗಾದರೆ ಇದೂ ಇನ್ನೊಂದು ಸಾರ್ವತ್ರಿಕ ಸೂತ್ರವಾಗುವ ಅಪಾಯವಿಲ್ಲವೆ ಎಂದು ನೀವು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. 0.75 ಎಂಬುದು ಮಾರ್ಗಸೂಚಕ ಕಲ್ಲು, ಶಾಸನವಲ್ಲ.

ಆಯಾಸವೂ ಸಂಖ್ಯೆಯನ್ನು ಇಳಿಸುತ್ತದೆ. ದೀರ್ಘ ಓಟದ ಕೊನೆಯಲ್ಲಿ ಅದೇ ವೇಗ, ಅದೇ ಬಡಿತದಲ್ಲಿಯೂ ಆಲ್ಫಾ-1 ಕುಸಿಯುವುದನ್ನು ಸಂಶೋಧಕರು ಕಂಡಿದ್ದಾರೆ. ದಣಿದ ದಿನ ಪರೀಕ್ಷಿಸಿದರೆ ಹೊಸ್ತಿಲು ತಗ್ಗಿದಂತೆ ತೋರೀತು. ಇದು ಒಂದು ದೋಷವೆನಿಸಿದರೂ, ಇನ್ನೊಂದು ದೃಷ್ಟಿಯಿಂದ ದಣಿವಿನ ಮುನ್ಸೂಚನೆಯೂ ಆಗಬಲ್ಲದು. ಬೆಳಗಿನ ವಿಶ್ರಾಂತಿಯ ಅಂತರಭೇದವನ್ನು ನೋಡಿ ಅಂದಿನ ಅಭ್ಯಾಸವನ್ನು ನಿರ್ಧರಿಸುವ ಕ್ರಮವನ್ನು ಊಲುವಿನ ಅಂಟ್ಟಿ ಕಿವಿನಿಯೆಮಿ ಮತ್ತು ಸಂಗಡಿಗರು 2007ರಲ್ಲಿಯೇ ಪರೀಕ್ಷಿಸಿದ್ದರು. ಅಂತರಭೇದ ಕುಗ್ಗಿದ ದಿನ ಹಗುರವಾಗಿ ಓಡುವುದು ಅಥವಾ ವಿಶ್ರಾಂತಿ, ಸರಿಯಿದ್ದ ದಿನ ಮಾತ್ರ ಕಠಿಣ ಓಟ ಎಂಬ ಈ ಕ್ರಮದಿಂದ ಒಳ್ಳೆಯ ಫಲ ದೊರೆಯಿತು.

ಹೃದಯಬಡಿತದ ಲಯ ತಪ್ಪುವ ಕಾಯಿಲೆ ಇರುವವರಿಗೆ, ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ಈ ಲೆಕ್ಕ ಸಲ್ಲದು. ರಕ್ತದೊತ್ತಡಕ್ಕೆಂದು ಬಡಿತ ಇಳಿಸುವ ಮಾತ್ರೆ ಸೇವಿಸುವವರಲ್ಲಿ ಬಡಿತದ ಸಂಖ್ಯೆಗಳೇ ಬೇರೆಯಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಇದು ರೋಗ ಪತ್ತೆಹಚ್ಚುವ ಸಾಧನವಲ್ಲ. ಓಡುವಾಗ ಎದೆನೋವು, ತಲೆಸುತ್ತು, ಪ್ರಜ್ಞೆ ತಪ್ಪುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಮೊಬೈಲು ನೋಡುತ್ತ ಕೂಡದೆ ತಕ್ಷಣ ವೈದ್ಯರಲ್ಲಿಗೆ ಹೋಗಬೇಕು. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಹಠಾತ್ತಾಗಿ ತೀರಿಕೊಂಡವರಿದ್ದರೆ, ಮಕ್ಕಳನ್ನು ಕಠಿಣ ಅಭ್ಯಾಸಕ್ಕೆ ಕಳುಹಿಸುವ ಮುನ್ನವೇ ಹೃದಯಪರೀಕ್ಷೆ ಮಾಡಿಸುವುದು ಉಚಿತ.

ಮಗ್ಗಿಯ ಹೊಸ್ತಿಲು

ಇದನ್ನೆಲ್ಲ ಓದುತ್ತಿರುವಾಗ ನನಗೆ ನೆನಪಾದದ್ದು ನನ್ನ ಬಾಲ್ಯ. ನಾವು ಮಠದ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದಾಗ ನಸುಕಿನಲ್ಲಿ ಕೆರೆಯ ಏರಿಯವರೆಗೆ ಓಡಿಸಲು ಗರಡಿಯ ವಸ್ತಾದರೊಬ್ಬರು ಬರುತ್ತಿದ್ದರು. ಅಕ್ಷರ ಬಲ್ಲವರಲ್ಲ. ಓಡುತ್ತಿರುವಾಗ ಗಟ್ಟಿಯಾಗಿ ಮಗ್ಗಿ ಹೇಳಿಸುವುದು ಅವರ ಪದ್ಧತಿ. ಹದಿಮೂರರ ಮಗ್ಗಿ ಹೇಳುತ್ತ ಯಾರ ಸಾಲು ನಡುವೆ ತುಂಡಾಗುತ್ತಿತ್ತೊ ಅವನ ಹೆಗಲ ಮೇಲೆ ಕೈಯಿಟ್ಟು, “ಮಗ್ಗಿ ಹರೀತಂದ್ರ ಉಸಿರು ಹರೀತಂತ ತಿಳಕೊ. ನಡಿ ಇನ್ನ, ಓಡಬ್ಯಾಡ” ಎನ್ನುತ್ತಿದ್ದರು. ವಾರಕ್ಕೆ ಎರಡೇ ದಿನ, ಅದೂ ಸ್ವಲ್ಪ ದೂರ ಮಾತ್ರ, ಮಗ್ಗಿಯಿಲ್ಲದೆ ಬಿಟ್ಟೋಡಲು ಹೇಳುತ್ತಿದ್ದರು. ಮಗ್ಗಿ ಕಲಿಸಲು ಇದೊಂದು ಉಪಾಯವೆಂದೇ ನಾನು ಐವತ್ತು ವರ್ಷ ತಿಳಿದಿದ್ದೆ. ಮಾತು ತುಂಡಾಗುವ ಘಟ್ಟವು ಮೊದಲ ಹೊಸ್ತಿಲಿನ ಹತ್ತಿರವಿರುತ್ತದೆಂದು ಇಂದಿನ ವ್ಯಾಯಾಮಶಾಸ್ತ್ರವೂ ಹೇಳುತ್ತದೆ.

ಈ ನೆನಪನ್ನು ಗೆಳೆಯರಿಗೆ ಹೇಳಿದಾಗ ಅವರು ನಕ್ಕು, ಮರುದಿನ ಹುಡುಗನಿಗೆ ಎದೆಪಟ್ಟಿ ಕಟ್ಟಿ ಮಗ್ಗಿಯನ್ನೂ ಹೇಳಿಸಿದರು. ಅವನ ಹದಿಮೂರರ ಮಗ್ಗಿ ತುಂಡಾದದ್ದು 150ರ ಬಡಿತದಲ್ಲಿ. ಯಂತ್ರ ಹೇಳಿದ್ದು 148. ಎಲ್ಲರಲ್ಲಿಯೂ ಇಷ್ಟು ಹತ್ತಿರ ಹೊಂದೀತೆಂದು ನಾನು ಹೇಳಲಾರೆ. ಆದರೆ ಎದೆಪಟ್ಟಿ ಕೊಳ್ಳಲಾಗದ ಮನೆಯ ಮಗನಿಗೂ ಹೊಸ್ತಿಲನ್ನು ತಿಳಿಯುವ ದಾರಿ ಇದೆ ಎಂಬುದನ್ನು ನಾನು ಹೇಳಬಲ್ಲೆ. ಯಂತ್ರವು ಆ ದಾರಿಗೆ ಸಾಕ್ಷಿ ನುಡಿಯುತ್ತದೆ, ಅದನ್ನು ಹರಿತಗೊಳಿಸುತ್ತದೆ. ನಡೆಯಬೇಕಾದವರು ಮಾತ್ರ ನಾವೇ.

ಹುಡುಗ ಎರಡು ವಾರ ಬರಿಯ ನಡಿಗೆಯಲ್ಲಿದ್ದನು. ಅನಂತರ ನಾಲ್ಕು ತಿಂಗಳು ವಾರಕ್ಕೆ ಐದು ದಿನ ಮಗ್ಗಿ ಹೇಳುತ್ತ ಓಡಿದನು, ಒಂದು ದಿನ ಮಾತ್ರ ಬಿರುಸಿನ ಓಟ. “ಇಷ್ಟ್ ಸಾವಕಾಶ ಓಡಿದ್ರ ನೌಕರಿ ಸಿಗತೈತೇನ ಅಜ್ಜಾ?” ಎಂದು ಆರಂಭದಲ್ಲಿ ದಿನವೂ ಫೋನಿನಲ್ಲಿ ಕೇಳುತ್ತಿದ್ದನು. ಜೊತೆಯ ಹುಡುಗರು ಮುಂದೆ ಓಡಿ ತಿರುಗಿ ನೋಡಿ ನಕ್ಕದ್ದೂ ಉಂಟು. ಮೂರನೆಯ ತಿಂಗಳಿಗೆ ಆ ಪ್ರಶ್ನೆ ನಿಂತಿತು. ಅವನ 1600 ಮೀಟರ್ ಓಟದ ವೇಳೆ ಮೊದಲಿನ ಅತ್ಯುತ್ತಮಕ್ಕಿಂತ ಕಡಿಮೆಯಾಯಿತು. ನೇಮಕಾತಿಯ ಫಲವೇನಾಗುವುದೋ ಅದು ನಮ್ಮ ಕೈಯಲ್ಲಿಲ್ಲ. ಆದರೆ ಈ ಸಲ ಹಬ್ಬಕ್ಕೆ ಬಂದವನ ನಾಡಿಯನ್ನು ಬೆಳಿಗ್ಗೆ ಮತ್ತೆ ಎಣಿಸಿದೆ: 58. ರಾತ್ರಿ ಐದನೆಯ ರೊಟ್ಟಿಗೆ ಕೈ ನೀಡಿದ್ದನ್ನು ಅವನ ಅಜ್ಜಿ ನನಗೆ ಕಣ್ಸನ್ನೆಯಿಂದ ತೋರಿಸಿದಳು.

ಮಕ್ಕಳ ತರಬೇತಿಗೆ ಹಣ ಕಟ್ಟುವ ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೆ. ಎಷ್ಟು ಓಡಿದೆ ಎಂದು ಕೇಳುವ ಮೊದಲು, ನಿದ್ರೆ ಬಂತೇ, ಊಟ ಸೇರಿತೇ ಎಂದು ಕೇಳಿರಿ. ಬೆಳಿಗ್ಗೆ ಅವರು ಏಳುವ ಮುನ್ನ ಒಂದು ನಿಮಿಷ ಕೈ ಹಿಡಿದು ನಾಡಿ ಎಣಿಸಿ, ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಆ ಸಂಖ್ಯೆ ದಿನದಿನಕ್ಕೆ ಏರುತ್ತಿದ್ದರೆ, ಮಗು ಮಾತಿಗಿಂತ ಮೌನವನ್ನೇ ಹೆಚ್ಚು ಹಿಡಿದರೆ, ಕೆಲವು ದಿನ ಮೈದಾನಕ್ಕೆ ಕಳುಹಿಸಬೇಡಿರಿ. ತರಬೇತಿಯ ಹಣ ಹೋದರೆ ಹೋಗಲಿ. ಹೃದಯ ತನ್ನ ಹೊಸ್ತಿಲನ್ನು ತಾನೇ ಹೇಳುತ್ತದೆ, ಅದನ್ನು ಕೇಳುವವರೊಬ್ಬರು ಮನೆಯಲ್ಲಿರಬೇಕು.